ಮಾದರಿ ಪಾಠ

ಹಾಜರಿ ಕರೆಯುವಾಗ ಅಡಿವೆಯ್ಯ ಆ ಒಂದು ಹೆಸರನ್ನು ಇವತ್ತೂ ಹಾರಿಸಿದ. ಈರಕ್ಕನ ಹೆಸರಾದ ಮೇಲೆ ಕೆಮ್ಮು ಬಂದವನಂತೆ ಗಂಟಲು ಸರಿಮಾಡಿಕೊಂಡು ನೇರವಾಗಿ ತಾಯವ್ವನ ಹೆಸರಿಗೆ ಜಿಗಿದ. ಆ ಕೆಮ್ಮಿನ ಅರ್ಥ ಎಂಟನೆಯ ಇಯತ್ತೆಯ ಅಷ್ಟೂ ಮಕ್ಕಳಿಗೆ ಗೊತ್ತಿತ್ತು. ಹಿಂದಿನ ಬೆಂಚಿನಲ್ಲಿ ಯಾರೋ ಮೂಗಿನಲ್ಲೇ ನಕ್ಕರು. ನಡುವಿನ ಹೆಸರು ಕಾತರಿನಾಳದು. ಅವನು ‘ಕಾತರಿನಾ’ ಎಂದರೆ ಸಾಕಿತ್ತು, ಉಳಿದದ್ದನ್ನು ವರ್ಗ ತಾನಾಗಿಯೇ ಪೂರ್ತಿ ಮಾಡಿಬಿಡುತ್ತಿತ್ತು: ‘ಕಾತರಿನಾ ಈಸ್ ಬ್ಲ್ಯಾಕ್.’ ಮಾಡದೆ ಏನು ಮಾಡೀತು, ಹಾಗೆ ಪಳಗಿಸಿದವನು ಅವನೇ. ಮಾಸ್ತರ ಒಂದು ಶಬ್ದ ಎಸೆಯಬೇಕು, ಮಕ್ಕಳು ಯೋಚನೆಗೆ ಪುರುಸೊತ್ತು ಸಿಗುವ ಮೊದಲೇ ಇಡೀ ವಾಕ್ಯ ಕಟ್ಟಿ ವಾಪಸು ಕೊಡಬೇಕು. ಇಂಗ್ಲಿಷು ತಲೆಯಿಂದ ಬರುವುದಿಲ್ಲ, ನಾಲಗೆಯ ರೂಢಿಯಿಂದ ಬರುತ್ತದೆ ಎಂದು ಬೆಂಗಳೂರಿನ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಕಿಟಕಿ, ಕೊಡೆ, ಪುಸ್ತಕ, ಮೇಜು, ಸಾತಪ್ಪನ ಟೊಪ್ಪಿಗೆ ಎಂದು ಅವನು ವರ್ಷಗಟ್ಟಲೆ ಎಸೆದ ಶಬ್ದಗಳೆಲ್ಲ ನೆಲಕ್ಕೆ ಬಿದ್ದು ಮಣ್ಣಾಗಿದ್ದವು. ರೂಢಿ ಹತ್ತಿದ್ದು ಇದೊಂದಕ್ಕೆ. ಸಿದ್ದಿಯವರ ಕೇರಿಯಿಂದ ಹೈಸ್ಕೂಲಿಗೆ ಬಂದ ಮೊದಲ ಹುಡುಗಿ ಸಾಲಿ ಬಿಟ್ಟು ಮನೆಯಲ್ಲಿ ಕೂತು ಎರಡು ವಾರವಾಗುತ್ತ ಬಂದಿತ್ತು, ಅವಳ ಹೆಸರು ಮಾತ್ರ ವರ್ಗದಲ್ಲಿ ಎಲ್ಲರ ಬಾಯಲ್ಲಿತ್ತು.

ಶನಿವಾರದ ಮುಂಜಾನೆಯ ಸಾಲಿ ಬಿಡುವ ಹೊತ್ತಿಗೆ ಹೆಡ್‌ಮಾಸ್ತರ ಚನಬಸಪ್ಪ ಕರೆಸಿದರು. ಎಲೆಯಡಿಕೆ ಬಾಯಲ್ಲಿ ತುಂಬಿಕೊಂಡೇ ಕುರ್ಚಿ ತೋರಿಸಿದರು. ಖುಷಿಯಾದಾಗ ಅವರು ಎಲ್ಲರಿಗೂ ಕುರ್ಚಿ ತೋರಿಸುತ್ತಾರೆ, ಸಿಟ್ಟು ಬಂದಾಗ ಅದೇ ಕುರ್ಚಿಯ ಮೇಲೆ ಕಾಲು ಚಾಚುತ್ತಾರೆ.

“ಬರ್ರಿ ಅಡಿವೆಯ್ಯನವರ, ನಿಮ್ಮ ಹೆಸರು ಹಳಿಯಾಳ ಮುಟ್ಟೇತ್ರಿ. ಸೋಮವಾರ ಅಲ್ಲೆ ಇಂಗ್ಲೀಷ್ ಮಾಸ್ತರರ ಸಭಾ ಐತಿ. ಈ ಕಡೆ ಮುಂಡಗೋಡ, ಆ ಕಡೆ ದಾಂಡೇಲಿ, ಜೋಯಿಡಾ ತನಕ ಎಲ್ಲಾರೂ ಬರ್ತಾರ. ಪರಿವೀಕ್ಷಕರು ಆವತ್ತ ನೋಡಿ ಹೋದ್ರಲ್ಲ, ಅದ ಪಾಠಾ ನೀವು ಎಲ್ಲಾರ ಮುಂದ ಮಾಡಿ ತೋರಸಬೇಕಂತ. ಅದ ಮಕ್ಕಳು, ಅದ ಹುಡುಗಿ. ಆ ಎತ್ತರದ ಸಿದ್ದಿ ಹುಡುಗೀನ ಮಾತ್ರ ಬಿಟ್ಟು ಬರಬ್ಯಾಡ್ರಿ ಅಂತ ಖಾಸ್ ಹೇಳಿ ಕಳಿಸ್ಯಾರ.”

“ಆಕಿ ಸಾಲಿಗೆ ಬರವಲ್ಲಳ್ರಿ ಸರ್.”

“ಬರವಲ್ಲಳು ಅಂದ್ರ? ಹೋಗಿ ಕರಕೊಂಡು ಬರ್ರಿ. ನೀವು ಬಾಗಿಲಿಗೆ ಹೋಗಿ ನಿಂತ್ರಂದ್ರ ಅವರಪ್ಪ ಹೆಗಲ ಮ್ಯಾಲೆ ಹೊತಗೊಂಡು ಬರ್ತಾನ.”

“ಹುಡುಗ್ರು ಆಕೀನ ಚ್ಯಾಷ್ಟಿ ಮಾಡ್ತಾರ್ರಿ. ಆ ವಾಕ್ಯಾ ಹಿಡಕೊಂಡು. ಹಾದ್ಯಾಗ ಬೆನ್ನ ಹತ್ತಿ ಕೂಗ್ತಾರ.”

ಚನಬಸಪ್ಪ ಎದ್ದು ಕಿಟಕಿಯಾಚೆ ಉಗುಳಿ ಬಂದು ನಕ್ಕರು. ಅದರಲ್ಲಿ ಕೆಟ್ಟತನವೇನೂ ಇರಲಿಲ್ಲ. ಮಗ್ಗಿ ಒಪ್ಪಿಸಿದ ಮಗುವನ್ನು ಕಂಡು ನಗುವಂಥ ನಗೆ. “ಅಲ್ರೀ, ಕನ್ನಡದಾಗ ಕರಿಯಾಕಿ ಅಂದಿದ್ರ ನಾನ ಅವರ ಚರ್ಮಾ ಸುಲೀತಿದ್ದೆ. ಇಂಗ್ಲೀಷಿನ್ಯಾಗ ಅಂತಾರ ಅಂದಮ್ಯಾಲೆ ಅಭ್ಯಾಸ ಆತಲ್ಲ! ಸಾಲಿ ಬಿಟ್ಟ ಮ್ಯಾಲೂ ಹುಡುಗ್ರು ಇಂಗ್ಲೀಷ್ ಮಾತಾಡ್ತಾರ ಅಂದ್ರ ಯಾ ಮಾಸ್ತರಗ ಬ್ಯಾಡಾಗೇತಿ? ಇಲ್ನೋಡ್ರಿ.” ಮೇಜಿನ ಮೇಲಿದ್ದ ಸೈಕ್ಲೋಸ್ಟೈಲ್ ಹಾಳೆಗಳ ಕಟ್ಟನ್ನು ಅವನ ಕಡೆ ಸರಿಸಿದರು. ಪರಿವೀಕ್ಷಕರು ಪಾಠವನ್ನು ಟೈಪು ಮಾಡಿಸಿದ್ದರು, ಸಭೆಗೆ ಬರುವ ಮಾಸ್ತರರಿಗೆಲ್ಲ ತಲಾ ಒಂದೊಂದು ಪ್ರತಿ. ಮೇಲೆ ಅಡಿವೆಯ್ಯನ ಹೆಸರು, ಕೆಳಗೆ ಪಾಠದ ಹಂತಗಳು, ಪುಟದ ನಡುವೆ ನೀಲಿ ಮಸಿಯಲ್ಲಿ ಆ ವಾಕ್ಯ. ತನ್ನ ಹೆಸರು ಅಚ್ಚಾದದ್ದನ್ನು ಅವನು ನೋಡಿದ್ದು ಇದೇ ಮೊದಲು. ಕಣ್ಣು ಮೊದಲು ಹೋದದ್ದು ಅಲ್ಲಿಗೇ, ಅವಳ ಹೆಸರಿಗಲ್ಲ. ಸಭೆ ಚಲೋ ಆದರೆ ನಿಮ್ಮನ್ನು ತರಬೇತಿ ಕೊಡುವ ಮಂದಿಯೊಳಗೆ ತಗೋತಾರ, ಧಾರವಾಡಕ್ಕೆ ಹೋಗ್ತೀರಿ ಎಂದು ಚನಬಸಪ್ಪ ಹೇಳುತ್ತಲೇ ಇದ್ದರು. ಅಡಿವೆಯ್ಯ ಹಾಳೆಗಳನ್ನು ಮಡಿಕೆ ಬೀಳದಂತೆ ಚೀಲದಲ್ಲಿಟ್ಟುಕೊಂಡ.

ಸೈಕಲ್ಲು ಹತ್ತುವಾಗ ಅವನು ಮನಸ್ಸಿನಲ್ಲಿ ಒಂದು ಒಪ್ಪಂದ ಮಾಡಿಕೊಂಡ: ತಾನು ಹೋಗುತ್ತಿರುವುದು ತಪ್ಪಾಯಿತು ಎನ್ನುವುದಕ್ಕೆ, ಕರೆಯುವುದಕ್ಕಲ್ಲ. ತಪ್ಪಾಯಿತು ಎಂದ ಮೇಲೆ ಅವಳಾಗಿಯೇ ಬಂದರೆ ಅದು ಬೇರೆ ಮಾತು. ಎರಡಕ್ಕೂ ದಾರಿ ಒಂದೇ ಆದ್ದರಿಂದ ಸದ್ಯಕ್ಕೆ ಹೆಚ್ಚು ಯೋಚಿಸಬೇಕಾಗಿರಲಿಲ್ಲ. ಹೆಂಡತಿಗೆ ಅತ್ತಿವೇರಿಯಲ್ಲಿ ಕೆಲಸವಿದೆ ಎಂದು ಹೇಳಿಕಳಿಸಿದ. ಯಾಕೆ ಸುಳ್ಳು ಹೇಳಿದೆ ಎಂದು ಅವನಿಗೇ ತಿಳಿಯಲಿಲ್ಲ. ಟಿಬೆಟನ್ ಕಾಲೊನಿಯ ಕಡೆಗೆ ಹೋಗುವ ದಾರಿಯ ಎರಡೂ ಬದಿಗೆ ಗೋವಿನಜೋಳ ಒಣಗಿ ನಿಂತಿತ್ತು, ಬಿಸಿಲಿಗೆ ಎಲೆಗಳು ಸರಸರ ಎನ್ನುತ್ತಿದ್ದವು. ಅವನು ಪೆಡಲು ತುಳಿಯುತ್ತ ಬಾಯಲ್ಲೇ ಅಭ್ಯಾಸ ಮಾಡಿದ. ತಪ್ಪಾತವಾ. ನಂದ ತಪ್ಪು. ಮಾತು ಬಾಯಿಗೆ ಒಗ್ಗಲಿಲ್ಲ. ಇಂಗ್ಲಿಷಿನಲ್ಲಾದರೆ ಅದಕ್ಕೊಂದು ಪಾಠವೇ ಇದೆ, ಒಬ್ಬ ಹುಡುಗ ಇನ್ನೊಬ್ಬನ ಕಾಲು ತುಳಿಯಬೇಕು, ಸಾರಿ ಎನ್ನಬೇಕು, ಜೋಡಿ ಜೋಡಿಯಾಗಿ ಇಡೀ ವರ್ಗ ಕಾಲು ತುಳಿದು ಸಾರಿ ಎನ್ನಬೇಕು. ಕನ್ನಡದಲ್ಲಿ ಅವನು ಯಾರಿಗೂ ತಪ್ಪಾಯಿತು ಎಂದದ್ದು ನೆನಪಿಗೆ ಬರಲಿಲ್ಲ. ಮಠದ ಮನೆಯಲ್ಲಿ ಹುಟ್ಟಿದವನು. ಮುಖಕ್ಕೆ ಮೀಸೆ ಮೂಡುವ ಮೊದಲೇ ಮುದುಕರು ಬಂದು ಅವನ ಪಾದ ಮುಟ್ಟಿ ಹೋಗುತ್ತಿದ್ದರು.

ತಾನೇ ತಪ್ಪು ಎನ್ನಿಸಿಕೊಂಡದ್ದು ಬೆಂಗಳೂರಿನಲ್ಲಿ. ಅಲ್ಲಿ ಒಂದು ಟೇಪ್ ರೆಕಾರ್ಡರ್ ಇತ್ತು. ಒಬ್ಬೊಬ್ಬರನ್ನೂ ಕೂರಿಸಿ ಒಂದು ಪುಟ ಓದಿಸಿ, ಮರುದಿನ ಇವನೊಬ್ಬನದನ್ನು ಮಾತ್ರ ಎಲ್ಲರೆದುರು ಹಾಕಿದರು. ಮಾತೃಭಾಷೆಯ ಪ್ರಭಾವ ಹೇಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ, ಅಡಿವೆಯ್ಯನವರು ದಯವಿಟ್ಟು ಎದ್ದು ನಿಲ್ಲಬೇಕು. ಅವನು ಎದ್ದು ನಿಂತ. ಯಂತ್ರದೊಳಗಿನಿಂದ ಯಾವನೋ ದನ ಕಾಯುವವನು ಇಂಗ್ಲಿಷನ್ನು ಕೂಗಿ ಅಟ್ಟುತ್ತಿದ್ದ. ಅದು ತನ್ನ ದನಿ ಎಂದು ತಿಳಿಯುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. ಮೈಸೂರು ಕಡೆಯ ಮಾಸ್ತರರು ಕರ್ಚೀಫು ಬಾಯಿಗೆ ಹಿಡಿದು ನಕ್ಕರು. ಅವನೂ ನಕ್ಕ, ನಗದೆ ಏನು ಮಾಡುವುದು. ಪಾಠ ಹೇಳುತ್ತಿದ್ದವರು ಒಳ್ಳೆಯವರು, ಆಮೇಲೆ ಬೆನ್ನು ತಟ್ಟಿ ಕಾಫಿ ಕೊಡಿಸಿದರು, ನಿಮ್ಮಿಂದ ಎಲ್ಲರಿಗೂ ಉಪಯೋಗವಾಯಿತು ಎಂದರು. ಆ ರಾತ್ರಿ ಹಾಸಿಗೆಯಲ್ಲಿ ಅವನು ಒಬ್ಬೊಬ್ಬರ ಹೆಸರು ಹಿಡಿದು ಬೈದಿದ್ದ. ಉದಾಹರಣೆಯಾಗಿ ನಿಲ್ಲುವುದೆಂದರೆ ಏನು ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದವನೇ ಮಾಡಿದ. ಗೊತ್ತಿಲ್ಲದವನು ಮಾಡಿದ್ದರೆ ಒಂದು ಮಾತು.

ಆದರೆ ಮಾಡಿದೆನೇ? ಇದನ್ನು ಅವನು ದಿನಕ್ಕೆ ಹತ್ತು ಸಲ ತಿರುವಿ ಹಾಕಿ ನೋಡಿದ್ದ. ಪರಿವೀಕ್ಷಕರು ಹೇಳದೆ ಕೇಳದೆ ಬಂದು ಹಿಂದಿನ ಬೆಂಚಿನಲ್ಲಿ ಕೂತದ್ದು, ತರಬೇತಿಯಿಂದ ತಂದ ಚಿತ್ರದ ಕಾರ್ಡುಗಳನ್ನು ಗೆದ್ದಲು ತಿಂದದ್ದು, ಚಿತ್ರವಿಲ್ಲದಿದ್ದರೆ ವರ್ಗದಲ್ಲಿ ಕಣ್ಣಿಗೆ ಕಾಣುವುದನ್ನೇ ಬಳಸಿ, ಜೀವಂತ ವಸ್ತುವಿಗಿಂತ ದೊಡ್ಡ ಚಿತ್ರವಿಲ್ಲ ಎಂದು ಟಿಪ್ಪಣಿಯಲ್ಲಿ ಬರೆದುಕೊಂಡದ್ದು ನೆನಪಾದದ್ದು, ಎಲ್ಲ ಒಂದರ ಹಿಂದೊಂದು. ಅವನು ಕಾತರಿನಾಳನ್ನು ಮುಂದಕ್ಕೆ ಕರೆದ. ಕಾತರಿನಾ ಎತ್ತರ, ಸಾತಪ್ಪ ಗಿಡ್ಡ. ಕಾತರಿನಾ ಈಸ್ ಟಾಲ್. ಹುಡುಗಿ ಹಲಗೆಯ ಮುಂದೆ ಗೋಣು ಎತ್ತಿ ನಿಂತಿದ್ದಳು, ಇಡೀ ವರ್ಗ ತನ್ನ ಎತ್ತರವನ್ನು ಹಾಡುವುದು ಅವಳಿಗೆ ಇಷ್ಟವಾಗಿತ್ತು, ಕಾಲ ಬೆರಳ ಮೇಲೆ ತುಸು ಇನ್ನೂ ಎತ್ತರವಾಗಿದ್ದಳು. ಪರಿವೀಕ್ಷಕರು ತಲೆಯಾಡಿಸಿದರು. ಆಮೇಲೆ ಬಣ್ಣಗಳು. ವರ್ಗದಲ್ಲಿ ಕಪ್ಪಾಗಿರುವುದನ್ನು ತೋರಿಸಿ ವಾಕ್ಯ ಹೇಳಿ ಎಂದ. ಯಾರೂ ಏಳಲಿಲ್ಲ. ಒಬ್ಬರಾದರೂ ಏಳಬೇಕು, ಹಿಂದೆ ಪೆನ್ನು ಹಿಡಿದು ಮನುಷ್ಯ ಕೂತಿದ್ದಾನೆ. ಬೆವರು ಇಳಿದು ಕಣ್ಣಿಗೆ ಹೋಯಿತು. ಆಗ ಅವನ ಕೈ ಎದ್ದಿತು. ಅವನು ತೋರಿಸಿದ್ದು ಹಲಗೆಯನ್ನು. ಹಲಗೆ ಕಪ್ಪಗಿತ್ತು, ಹಲಗೆಯ ಮುಂದೆ ಅವಳಿದ್ದಳು. ನಲವತ್ತು ಗಂಟಲು ಒಮ್ಮೆಗೇ ಕೂಗಿತು: ‘ಕಾತರಿನಾ ಈಸ್ ಬ್ಲ್ಯಾಕ್!’ ಇಷ್ಟು ಗಟ್ಟಿಯಾಗಿ, ಇಷ್ಟು ಸ್ಪಷ್ಟವಾಗಿ, ಒಂದೇ ಉಸಿರಿನಲ್ಲಿ ಆ ವರ್ಗ ಹಿಂದೆಂದೂ ಒಂದು ವಾಕ್ಯ ಹೇಳಿರಲಿಲ್ಲ. ಹಿಂದಿನಿಂದ ‘ಗುಡ್’ ಎಂಬ ಮಾತು ಬಂತು.

ತೋರಿಸಿದ್ದು ಹಲಗೆಯನ್ನೇ ಆಗಿದ್ದರೆ ಇಲ್ಲ ಎನ್ನಬಹುದಿತ್ತು. ಬೋರ್ಡು ಎನ್ನಬಹುದಿತ್ತು, ನಾಲಗೆಗೆ ಎರಡಕ್ಷರದ ಕೆಲಸ. ಅವನು ಅನ್ನಲಿಲ್ಲ. ಅಷ್ಟೇ ಅಲ್ಲ, ‘ಅಗೇನ್’ ಎಂದ. ಸಾಲು ಸಾಲಾಗಿ ಹೇಳಿಸಿದ, ಗಂಡುಮಕ್ಕಳಿಂದ ಬೇರೆ, ಹೆಣ್ಣುಮಕ್ಕಳಿಂದ ಬೇರೆ. ಕೊನೆಗೆ ಪಾಠದ ಹಂತದ ಪ್ರಕಾರ ಅವಳ ಕಡೆಗೂ ತಿರುಗಿ ಕೈ ಮಾಡಿದ, ಅವಳು ‘ಐ ಆಮ್ ಬ್ಲ್ಯಾಕ್’ ಎಂದಳು. ಚೆನ್ನಾಗಿ ಹೇಳಿದಳು. ಕಾಲ ಹಿಮ್ಮಡಿ ಅಷ್ಟರಲ್ಲಿ ನೆಲಕ್ಕೆ ಇಳಿದಿತ್ತು. ಅದನ್ನೂ ಅವನು ನೋಡಿದ್ದ. ನೋಡಿಲ್ಲ ಎಂದು ಹೇಳಿಕೊಳ್ಳುವುದಕ್ಕೆ ಇಷ್ಟು ದಿನ ಹಿಡಿದಿತ್ತು, ಇನ್ನೂ ಪೂರ್ತಿ ಸಾಧ್ಯವಾಗಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅವನ ಮಾತು ಹೋಗಲೂ ಇಲ್ಲ, ಊರೆಲ್ಲ ತಿರುಗುತ್ತ ಕೂತಿತು.

ಕಾಲೊನಿಯ ಕ್ರಾಸಿನಲ್ಲಿ ಚಹದಂಗಡಿ ಬಂತು. ಅವನು ಆ ಕಡೆ ನೋಡದೆ ಸೈಕಲ್ಲು ತುಳಿದ. ಪಾಠವಾದ ಮೂರನೆಯ ದಿನವೋ ನಾಲ್ಕನೆಯ ದಿನವೋ ಅವನು ಅಲ್ಲಿಯೇ ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಪಕ್ಕದಲ್ಲಿ ಇಬ್ಬರು ಲಾಮಾಗಳು, ಗೋವಿನಜೋಳದ ದರ ಕೇಳಲು ಬಂದ ವ್ಯಾಪಾರಿ ಉಳವಪ್ಪ. ರಸ್ತೆಯ ತಿರುವಿನಾಚೆಯಿಂದ ಮಕ್ಕಳ ದನಿ ಕೇಳಿತು, ಇಂಗ್ಲಿಷು. ಅವನ ಮೈ ಜುಮ್ಮೆಂದಿತು. ಸಾಲಿಯ ಗೋಡೆ ದಾಟಿ, ಯಾರ ಹೆದರಿಕೆಯೂ ಇಲ್ಲದೆ, ತಮ್ಮಷ್ಟಕ್ಕೆ ತಾವು ಮಕ್ಕಳು ಇಂಗ್ಲಿಷು ಮಾತಾಡುತ್ತಿದ್ದಾರೆ! ತರಬೇತಿಯ ಕೊನೆಯ ದಿನ ಎಲ್ಲರೂ ಕೈಯೆತ್ತಿ ಇದೇ ಗುರಿ ಎಂದು ಒಪ್ಪಿದ್ದರು. ಅವನು ಉಳವಪ್ಪನ ಕಡೆ ತಿರುಗಿ, ನಮ್ಮ ಸಾಲಿ ಹುಡುಗ್ರು ಎಂದೂ ಅಂದ. ಆಮೇಲೆ ತಿರುವಿನಲ್ಲಿ ಅವಳು ಕಾಣಿಸಿದಳು, ಪಾಟೀಚೀಲವನ್ನು ಎದೆಗೆ ಅವುಚಿಕೊಂಡು, ಓಡಿದರೆ ಸೋತಂತಾಗುತ್ತದೆ ಎಂದು ಬಿರುಸಾಗಿ ನಡೆಯುತ್ತ. ಹಿಂದೆ ಏಳೆಂಟು ಹುಡುಗರು, ಒಬ್ಬ ಕೋಲು ಬೀಸಿ ಮಾಸ್ತರನ ಹಾಗೆ ಕೈ ಮಾಡುತ್ತಿದ್ದಾನೆ, ಉಳಿದವರು ಸಾಲಿಯಲ್ಲಿ ಹೇಳಿದ್ದಕ್ಕಿಂತ ಚೆನ್ನಾಗಿ ಹೇಳುತ್ತಿದ್ದಾರೆ. ಅವಳು ಅಂಗಡಿಯ ಕಡೆ ನೋಡಿದಳು. ಅವನನ್ನು ಕಂಡಳು. ಅವನು ಎದ್ದು ಒಂದು ಗದರಿಕೆ ಹಾಕಿದ್ದರೆ ಮಕ್ಕಳು ಹೊಲದೊಳಗೆ ಚದರಿ ಹೋಗುತ್ತಿದ್ದರು. ಏನೆಂದು ಗದರುವುದು? ಅದನ್ನು ಹೇಳಬೇಡಿ ಎಂದರೆ, ನೀವೇ ಕಲಿಸಿದ್ದು ಸರ್ ಎನ್ನುತ್ತಾರೆ, ಉಳವಪ್ಪ ಕೇಳಿಸಿಕೊಳ್ಳುತ್ತಾನೆ. ಅವನು ಬಗ್ಗಿ ಬಟ್ಟಲಿನೊಳಗೆ ನೋಡುತ್ತ ಚಹಾ ಮುಗಿಸಿದ. ಮರುದಿನದಿಂದ ಅವಳು ಬರಲಿಲ್ಲ.

ಟಿಬೆಟನ್ನರ ಕ್ಯಾಂಪು ದಾಟಿ ಅಡವಿಯಂಚಿಗೆ ಬಂದರೆ ಸಿದ್ದಿಯವರ ಮನೆಗಳು. ಮೊದಲನೆಯದೇ ಅವಳ ಮನೆ. ಅವಳ ಅಪ್ಪ ಜುಜೆ ಟಿಬೆಟನ್ನರ ಹೊಲದಲ್ಲಿ ಕೂಲಿ ಮಾಡುವವನು, ಅಂಗಳದಲ್ಲಿ ಗೋವಿನಜೋಳದ ತೆನೆಗಳ ರಾಶಿ ಬಿದ್ದಿತ್ತು, ಅವಳು ರಾಶಿಯ ಪಕ್ಕದಲ್ಲಿ ಕೂತು ಕಾಳು ಬಿಡಿಸುತ್ತಿದ್ದಳು. ಸೈಕಲ್ಲು ನಿಂತ ಕೂಡಲೇ ತಟ್ಟನೆ ಎದ್ದು ನಿಂತಳು. ಮಾಸ್ತರ ಒಳಗೆ ಬಂದರೆ ಏಳುವ ರೂಢಿ. ಕೂಡು ಎಂದು ಅವನು ಹೇಳಬೇಕಾಗಿತ್ತು. ಅಷ್ಟರಲ್ಲಿ ಜುಜೆ ಹೆಗಲ ಮೇಲಿನ ಟವೆಲು ಕೈಗೆ ತೆಗೆದುಕೊಂಡು ಓಡಿಬಂದ.

“ಸರ್ ನೀವು! ಇಷ್ಟು ದೂರ ನೀವ್ಯಾಕ ಬರಾಕ ಹೋದ್ರಿ, ಹೇಳಿ ಕಳಿಸಿದ್ರ ನಾನ ಬರ್ತಿದ್ದೆ.” ಪಕ್ಕದ ಮಾನ್ವೆಲ್‌ನ ಮನೆಯಿಂದ ಕುರ್ಚಿ ಬಂತು, ಟವೆಲಿನಿಂದ ಅದನ್ನು ಒರೆಸಿ ಒರೆಸಿ ಇಟ್ಟ. ಒಳಗಿದ್ದ ಹೆಂಡತಿಗೆ ತಮ್ಮ ಮನೆಮಾತಿನಲ್ಲಿ ಏನೋ ಕೂಗಿ ಹೇಳಿದ.

ಅಡಿವೆಯ್ಯನಿಗೆ ಗಂಟಲು ಒಣಗಿತ್ತು. “ನೀರು ಕೊಡ್ರಿ” ಎಂದ. ಅಂದ ಮೇಲೆ ಅದೇ ತನ್ನ ಪ್ರಾಯಶ್ಚಿತ್ತದ ಮೊದಲ ಹಂತ ಎನ್ನಿಸಿ ಒಳಗೊಳಗೇ ಸಮಾಧಾನವಾಯಿತು. ಜುಜೆಯ ಹೆಂಡತಿ ಬಾಗಿಲಲ್ಲಿ ಬಂದು ನಿಂತು ಗಂಡನ ಮುಖ ನೋಡಿದಳು.

“ನಮ್ಮನ್ಯಾಗ ನಿಮಗ ಹೆಂಗ ಕೊಡಾಕ ಬರ್ತದ್ರಿ ಅಯ್ಯನವರ,” ಎಂದಳು. “ಕೂಸಾ, ಒಲ್ಯಾಗ ತೆನಿ ಐತಿ ನೋಡು. ಸಿಪ್ಪಿ ಸಮೇತ ಸುಟ್ಟದ್ದೈತ್ರಿ, ಒಳಗ ನಮ್ಮ ಕೈ ತಾಗಿಲ್ಲ.”

ಇಲ್ಲ, ನೀರೇ ಕೊಡಿ, ನಾನು ಕುಡಿಯುತ್ತೇನೆ ಎಂದು ಹಟ ಹಿಡಿಯಬಹುದಿತ್ತು. ಹಿಡಿದರೆ ಆ ಹೆಂಗಸಿಗೆ ಇನ್ನಷ್ಟು ಮುಜುಗರ ಎಂದು ಸುಮ್ಮನಾದ. ತನ್ನ ಸುಮ್ಮನಿರುವಿಕೆಗೆ ಅವನ ಹತ್ತಿರ ಯಾವಾಗಲೂ ಇಂಥದೊಂದು ಒಳ್ಳೆಯ ಕಾರಣ ಸಿದ್ಧವಿರುತ್ತದೆ. ಕಾತರಿನಾ ಒಳಗೆ ಹೋಗಿ ಬಿಸಿ ತೆನೆಯನ್ನು ಎಲೆಯ ಮೇಲಿಟ್ಟು ತಂದು, ಕೈಗೆ ಕೊಡದೆ ಕುರ್ಚಿಯ ಪಕ್ಕದ ಕಲ್ಲಿನ ಮೇಲೆ ಇಟ್ಟಳು. ಅವಳು ಬಗ್ಗಿದಾಗ ಹೇಳಬೇಕೆಂದುಕೊಂಡ. ತಪ್ಪಾತವಾ. ನಾಲಗೆ ಎತ್ತಿದ್ದೂ ಆಗಿತ್ತು.

“ಒಂದ್ ಮಾತು ಕೇಳಬೇಕ್ರಿ ಸರ್,” ಎಂದ ಜುಜೆ, ನೆಲದ ಮೇಲೆ ಕುಕ್ಕುರುಗಾಲಲ್ಲಿ ಕೂತು. “ಬ್ಯಾಸರಾ ಮಾಡ್ಕೋಬ್ಯಾಡ್ರಿ. ಹಾದ್ಯಾಗ ಹುಡುಗ್ರು ಈಕೀನ ಕಂಡಕೂಡ್ಲೆ ಇಂಗ್ಲೀಷಿನ್ಯಾಗ ಏನೋ ಕೂಗ್ತಾರ. ಈಕಿ ಹೆಸರು ಹಚ್ಚಿ ಕೂಗ್ತಾರ. ಮೊನ್ನೆ ನಾ ತೆನಿ ಹೊತಗೊಂಡು ಬರಾಕ ಹತ್ತಿದ್ದೆ, ನನ್ನ ಕಂಡೂ ಕೂಗಿದ್ರು. ನಮಗ ತಿಳಿಯೂದಿಲ್ಲ ನೋಡ್ರಿ. ಏನಾರ ಬೈತಾರೇನು ಅಂತ ಹೆದರಿಕಿ ಆತು. ಈಕೀನ ಕೇಳಿದ್ರ, ಹಂಗೇನಿಲ್ಲಪ್ಪಾ, ಕಾತರಿನಾ ಎತ್ತರ ಅದಾಳ ಅಂತ ಅರ್ಥ, ಸಾಲ್ಯಾಗ ಸರ್ ಕಲಿಸಿದ ಪಾಠ ಅಂತಾಳ. ಕ್ಯಾಂಪಿನ್ಯಾಗ ಇಂಗ್ಲೀಷ್ ಬರೋ ಲಾಮಾ ಅದಾನ, ಕೇಳೂಣು ಅಂದೆ. ಬ್ಯಾಡಂತ ಕೈಕಾಲು ಬಿದ್ಲು. ಖರೇ ಏನ್ರಿ ಸರ್, ಎತ್ತರ ಅಂತ ಅರ್ಥಾ?”

ಮತ್ತೆ ಕೂತು ಕಾಳು ಬಿಡಿಸುತ್ತಿದ್ದ ಕಾತರಿನಾಳ ಕೈ ನಿಂತಿತು. ಅವನು ಬಂದ ಮೇಲೆ ಮೊದಲ ಸಲ ಅವಳು ಅವನ ಮುಖವನ್ನು ನೇರವಾಗಿ ನೋಡಿದಳು. ಸಿಟ್ಟಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅಲ್ಲಿದ್ದದ್ದು ವರ್ಗದಲ್ಲಿ ದಿನಾ ಕಾಣುವ ನೋಟ, ಉತ್ತರ ಗೊತ್ತಿಲ್ಲದ ಮಗು ಮಾಸ್ತರ ತನ್ನ ಹೆಸರು ಹಿಡಿದು ಕೇಳದಿರಲಿ ಎಂದು ನೋಡುತ್ತದಲ್ಲ, ಅದೇ. ಇಷ್ಟು ದಿನ ಹೊಟ್ಟೆನೋವು, ಕಾಲುನೋವು ಎಂದು ಮನೆಯಲ್ಲಿ ಕೂತು ಈ ಹುಡುಗಿ ಅಪ್ಪನ ಸುತ್ತ ಒಂದು ಬೇಲಿ ಹಾಕಿದ್ದಳು. ಅವನು ಕಲಿಸಿದ್ದರಲ್ಲಿಯೇ ಹುಡುಕಿ, ತನಗೆ ಇಷ್ಟವಾದ ಒಂದು ಮಾತನ್ನು ಆರಿಸಿ ಅಪ್ಪನಿಗೆ ಕೊಟ್ಟಿದ್ದಳು. ಈಗ ತಪ್ಪಾಯಿತು ಎಂದರೆ ಯಾವ ತಪ್ಪು ಎಂದು ಜುಜೆ ಕೇಳುತ್ತಾನೆ. ಅಡಿವೆಯ್ಯ ಪೆಡಲು ತುಳಿಯುತ್ತ ಕಟ್ಟಿಕೊಂಡು ಬಂದ ಮಾತೆಲ್ಲ ಅವನ ಬಾಯಲ್ಲೇ ಕರಗಿತು, ಮತ್ತು, ಇದನ್ನು ಅವನು ಆಮೇಲೆ ಎಷ್ಟೋ ಸಲ ನೆನೆಸಿಕೊಂಡ, ಅದು ಕರಗಿದ್ದಕ್ಕೆ ಅವನಿಗೆ ಸಂತೋಷವಾಯಿತು.

“ಖರೇ,” ಎಂದ. “ಎತ್ತರ ಅಂತನ ಅರ್ಥ.”

ಜುಜೆಯ ಮುಖ ಅರಳಿತು. ಟವೆಲಿನಿಂದ ಬಾಯಿ ಒರೆಸಿಕೊಂಡು ನಕ್ಕ, ಒಳಗೆ ಹೆಂಡತಿಗೂ ಕೂಗಿ ಹೇಳಿದ, ಅವಳೂ ಬಾಗಿಲಿಗೆ ಬಂದು ಸೆರಗು ಬಾಯಿಗೆ ಹಿಡಿದು ನಕ್ಕಳು. ಆಮೇಲೆ ಅವನು ಮಗಳ ಕಡೆ ತಿರುಗಿದ. “ಮತ್ತ ಸಾಲಿಗೆ ಯಾಕ ಹೋಗವಲ್ಲಿ? ನಿನ್ನ ಹೊಗಳಾಕ ಹತ್ತ್ಯಾರ, ನೀ ಮಾರಿ ಮುಚಗೊಂಡು ಕೂತಿ! ನಾ ತಿಳದೆ ಏನೋ ಆಗೇತಿ, ಬಿಡೂಣು, ಸಾಲಿ ಬಿಡಿಸಿ ಕೂಲಿಗೆ ಹಚ್ಚೂಣು ಅಂದಿದ್ದೆ. ಈಗ ಸರ್ ತಾವ ಬಂದು ಹೇಳ್ಯಾರ. ಸೋಮವಾರದಿಂದ ಹೊಂಟುಬಿಡು. ಏನಂತಿ?”

ಅವಳು ಇನ್ನೊಂದು ತೆನೆ ಕೈಗೆತ್ತಿಕೊಂಡಳು. ಮಾಸ್ತರನ ‘ಖರೇ’ ಎಂಬ ಒಂದು ಮಾತಿಗೆ ಅವಳ ಹತ್ತಿರ ಇದ್ದ ಒಂದೇ ಆಸರೆ ಕುಸಿದಿತ್ತು. ಇನ್ನು ಮನೆಯಲ್ಲಿ ಕೂರುವುದಕ್ಕೆ ಅವಳಿಗೆ ಕಾರಣವೇ ಇಲ್ಲ. ಇದು ಅಡಿವೆಯ್ಯನಿಗೆ ಹೊಳೆದದ್ದು ಒಂದು ಉಸಿರು ತಡವಾಗಿ. ಅಷ್ಟರಲ್ಲಿ ಅವನ ಬಾಯಿ ತಾನಾಗಿಯೇ ಸೋಮವಾರ ಹಳಿಯಾಳದ ಸಭೆಯ ಮಾತು ಶುರುಮಾಡಿತ್ತು. ಮುಂಡಗೋಡದಿಂದ ಮುಂಜಾನೆಯ ಬಸ್ಸು, ಬಾಡಿಗೆ ಸಾಲಿಯದು, ಊಟವೂ ಅಲ್ಲೇ, ಸಾಹೇಬರು ನಿಮ್ಮ ಮಗಳನ್ನೇ ಹೆಸರು ಹಿಡಿದು ಕೇಳಿದ್ದಾರೆ ಎಂದು ತನ್ನ ದನಿ ಹೇಳುವುದನ್ನು ಅವನು ಟೇಪಿನಲ್ಲಿ ಕೇಳಿದ ಹಾಗೆ ಕೇಳಿದ.

“ಅಷ್ಟು ಮಂದಿ ಮಾಸ್ತರರ ಮುಂದ? ನಮ್ಮ ಕೂಸಿನ ಹೆಸರಾ?” ಜುಜೆ ಎದ್ದೇ ನಿಂತ. “ಹಂಗಿದ್ರ ನಾನೂ ಬರ್ತೇನ್ರಿ. ಒಂದಿನ ಕೂಲಿ ಹೋದ್ರ ಹೋಗ್ಲಿ. ಹಿಂದ ಬಾಗಿಲ ಹಂತ್ಯಾಕ ನಿಂತು ಕೇಳ್ತೇನಿ, ಕೂಡ್ರಾಕ ಬ್ಯಾಡ.” ನಾಚಿಕೊಂಡವನಂತೆ ತಲೆ ಕೆರೆದುಕೊಂಡ. “ನನಗೂ ಅದನ್ನೊಂದು ಹೇಳಿಕೊಡ್ರಿ ಸರ್. ಹೊಲದಾಗ ಲಾಮಾಗಳಿಗೆ ಹೇಳ್ಬೇಕು, ನಮ್ಮ ಹುಡುಗಿ ಮ್ಯಾಲೆ ಹಿಂಗಂತ ಪಾಠ ಐತಿ ಅಂತ. ಹುಡುಗ್ರು ಕೂಗೂದು ಕೇಳಿ ಅಷ್ಟಷ್ಟ ಬರ್ತದ, ಸರಿ ಬರೂದಿಲ್ಲ. ಕಾತರಿನಾ ಇಜ ಬಲಾಕ.”

ಅಡಿವೆಯ್ಯ ಸಿಪ್ಪೆ ಸುಲಿಯದ ತೆನೆಯನ್ನು ಕೈಯಲ್ಲಿ ತಿರುವುತ್ತಿದ್ದ. ಯಾವಾಗ ಎತ್ತಿಕೊಂಡನೋ. ಲಾಮಾನ ಹತ್ತಿರ ಹೇಳಬೇಡ ಎನ್ನಬೇಕು, ಬೇರೆ ವಾಕ್ಯ ಹೇಳಿಕೊಡಬೇಕು, ‘ಟಾಲ್’ ಎಂದು ಕಲಿಸಿಬಿಡಬೇಕು, ಇದೋ ಈಗಲೇ. ಆದರೆ ಹುಡುಗರು ಕೂಗುವುದು ಅದನ್ನಲ್ಲ ಎಂದು ಜುಜೆಗೆ ಗೊತ್ತು, ಕಿವಿ ಚುರುಕು. ಅಂಗಳದಲ್ಲಿ ಮೂವರೂ ಕಾಯುತ್ತಿದ್ದರು. ಮಾಸ್ತರಿಕೆ ಮಾಡಿ ಮಾಡಿ ಅವನ ಮೈಗೆ ಒಂದು ರೋಗ ಹತ್ತಿತ್ತು, ತಪ್ಪು ಉಚ್ಚಾರ ಕಿವಿಗೆ ಬಿದ್ದರೆ ಬಾಯಿ ಸುಮ್ಮನಿರುತ್ತಿರಲಿಲ್ಲ.

“ಕಾತರಿನಾ,” ಎಂದ. ಜುಜೆ “ಕಾತರಿನಾ” ಎಂದ. “ಈಸ್.” “ಈಸ.” “ಬ್ಲ್ಯಾಕ್.” “ಬ್ಲ್ಯಾಕ್.” ಎರಡನೆಯ ಸಲಕ್ಕೆ ಸರಿಯಾಯಿತು. ಮೂರನೆಯ ಸಲ ತಾಯಿಯೂ ಬಾಗಿಲಿನಿಂದ ಇಳಿದು ಬಂದು ತುಟಿಯಲ್ಲೇ ಹೇಳಿಕೊಂಡಳು, ಹೇಳುತ್ತ ಮಗಳ ತಲೆ ಸವರಿದಳು, ತೊಟ್ಟಿಲಿನ ಮಗುವಿಗೆ ಅನ್ನುವ ಹಾಗೆ. ಕಾತರಿನಾ ಬಗ್ಗಿ ಕೂತು ಕಾಳು ಬಿಡಿಸುತ್ತಿದ್ದಳು. ತಾಯಿಯ ಕೈ ತಲೆಯ ಮೇಲಿರುವಷ್ಟು ಹೊತ್ತು ಅವಳು ಉಸಿರಾಡಿದ ಹಾಗೆ ಕಾಣಲಿಲ್ಲ.

ಹೊರಡುವಾಗ ಜುಜೆ, ಸರ್‌ಗೆ ದಾರಿ ತೋರಿಸಿ ಬಾ ಎಂದು ಮಗಳನ್ನು ಕಳಿಸಿದ. ದಾರಿ ಕಣ್ಣೆದುರಿಗೇ ಇತ್ತು. ಅವಳು ಬೇಲಿಯ ತನಕ ಸೈಕಲ್ಲಿನ ಹಿಂದೆ ಬಂದಳು. ಅವನು ನಿಂತ. ಈಗ ಯಾರೂ ಇಲ್ಲ, ಈಗ ಹೇಳಬಹುದು.

ಅವಳೇ ಕೇಳಿದಳು, ಕೆಳಗೆ ನೋಡುತ್ತ, ವರ್ಗದಲ್ಲಿ ಸಂಶಯ ಕೇಳುವ ದನಿಯಲ್ಲಿ. “ಸರ್, ಹಳಿಯಾಳಕ್ಕ ಬರೋ ಮಾಸ್ತರರೆಲ್ಲಾ ತಮ್ಮ ತಮ್ಮ ಸಾಲ್ಯಾಗ ಇದ ಪಾಠಾ ಮಾಡ್ತಾರೇನ್ರಿ?”

ಚೀಲದೊಳಗೆ ಹಾಳೆಗಳ ಕಟ್ಟು ಇತ್ತು. “ಯಾಕವಾ?” ಎಂದ.

“ಹಳಿಯಾಳದ ಕಡೆ ನಮ್ಮ ಅತ್ತಿ ಮಗಳು ಸಾಲಿಗೆ ಹೋಗ್ತಾಳ್ರಿ. ಈ ವರ್ಷಾನ ಹಚ್ಚ್ಯಾರ.”

ಅವನಿಗೆ ಇನ್ನೂ ಒಂದು ದಾರಿ ಇದೆ ಎನ್ನಿಸಿತು, ಒಂದು ಗಳಿಗೆ ಅವನು ಅದನ್ನು ನಿಜವಾಗಿಯೂ ನಂಬಿದ. “ಇಲ್ಲ,” ಎಂದ, ಅವಸರವಾಗಿ. “ನಾ ಸೋಮವಾರ ಬ್ಯಾರೆ ಪಾಠಾ ಮಾಡ್ತೇನಿ. ಆ ಹಾಳಿ ಹಂಚೂದಿಲ್ಲ. ಎತ್ತರದ್ದು ಅಷ್ಟ ಹೇಳಿಸ್ತೇನಿ, ಅದನ್ನ ಬಿಟ್ಟಬಿಡ್ತೇನಿ.”

ಅವಳು ತಲೆಯಲ್ಲಾಡಿಸಿದಳು. ಅವನಿಗಿಂತ ವಯಸ್ಸಾದವಳ ಹಾಗೆ, ಒಬ್ಬ ಹುಂಬನಿಗೆ ತಿಳಿಸಿ ಹೇಳುವ ಹಾಗೆ. “ಬ್ಯಾಡ್ರಿ ಸರ್. ಅಪ್ಪ ಕೇಳಾಕ ಬರ್ತಾನ. ಅದನ್ನ ಹೇಳಿಸ್ರಿ. ಹೇಳಿಸ್ಲಿಲ್ಲಂದ್ರ ಯಾಕ ಅಂತ ಕೇಳ್ತಾನ.” ತಿರುಗುತ್ತ, “ನಾ ಗಟ್ಟಿಯಾಗಿ ಹೇಳ್ತೇನ್ರಿ” ಎಂದಳು, ಮತ್ತು ತೆನೆಯ ರಾಶಿಯ ಕಡೆಗೆ ನಡೆದುಹೋದಳು.

ಅಡಿವೆಯ್ಯ ಸೈಕಲ್ಲು ಹತ್ತಲಿಲ್ಲ. ಹಿಡಿಕೆ ಹಿಡಿದು ನಡೆದ. ಸುಟ್ಟ ತೆನೆ ಇನ್ನೂ ಬಿಸಿಯಾಗಿ ಅಂಗಿಯ ಕಿಸೆಯಲ್ಲಿತ್ತು. ಹಿಂದೆ ಅಂಗಳದಲ್ಲಿ ಜುಜೆ ಅಭ್ಯಾಸ ಮಾಡುತ್ತಿದ್ದ. ದನಿ ಗೋವಿನಜೋಳದ ಹೊಲದ ಈಚೆಗೂ ಕೇಳುತ್ತಿತ್ತು. ಮಗಳ ಹೆಸರಿನಿಂದ ಶುರುಮಾಡಿ, ನಿಧಾನವಾಗಿ, ಒಂದು ಅಕ್ಷರವೂ ತಪ್ಪದೆ ಹೇಳುತ್ತಿದ್ದ.